ನಾನು ತೋರಿಸದ ಕಂತು

ನಾನೊಂದು ಟೀವಿ. ಗೋಡೆಗೆ ತೂಗುಹಾಕುವ ಈಗಿನ ತೆಳ್ಳನೆಯವರ ಪೈಕಿ ಅಲ್ಲ, ಬೆನ್ನಿಗೆ ದೊಡ್ಡ ಗೂನಿರುವ ಹಳೆಯ ಡಬ್ಬಿ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ಒಬ್ಬಾಕೆ ನನ್ನ ಗಾಜು ಒರೆಸಿ, ಮೊದಲ ಸಲ ನನ್ನನ್ನು ಹಚ್ಚಿ, ನೋಡಿ ತಲೆಯಾಡಿಸಿದಳು. ಏನು ಕಂಡಳೋ ನನಗೆ ತಿಳಿಯಲಿಲ್ಲ. ನನ್ನ ಗೊಂದಲ ಶುರುವಾದದ್ದು ಅಲ್ಲಿಂದಲೇ. ನನ್ನ ಮುಖದ ಮೇಲೆ ಏನು ಮೂಡುತ್ತದೆಂದು ನಾನು ಈವರೆಗೂ ಕಂಡಿಲ್ಲ. ಮಾತು ಕೇಳಿಸುತ್ತದೆ, ಎದುರಿಗಿದ್ದವರ ಮುಖ ಕಾಣಿಸುತ್ತದೆ. ಎರಡನ್ನೂ ಕೂಡಿಸಿ ಕಥೆಯನ್ನು ನಾನೇ ಊಹಿಸಿಕೊಳ್ಳಬೇಕು.

ನನ್ನನ್ನು ಕೊಂಡುತಂದವರು ಬ್ಯಾಡಗಿಯ ಫಕ್ಕೀರಪ್ಪನವರು. ಅವರದು ಖಾರದಪುಡಿಯ ಗಿರಣಿ, ಮನೆಯ ಪಕ್ಕದಲ್ಲೇ. ಹೊರಗಿನ ಕೋಣೆಯಲ್ಲಿ ಮೊಣಕಾಲೆತ್ತರದ ಮೇಜಿನ ಮೇಲೆ ನನ್ನನ್ನು ಕೂರಿಸಿದರು. ಸಂಜೆ ಅವರು ಬರುವಾಗ ಮೀಸೆಯೆಲ್ಲ ಕೆಂಪು, ಕಣ್ಣ ತುಂಬ ನೀರು. ನಾನು ನಗೆಯ ಕಾರ್ಯಕ್ರಮ ಹಾಕಿದರೂ ಕಣ್ಣೊರೆಸಿಕೊಳ್ಳುತ್ತಿದ್ದರು, ವಾರ್ತೆ ಹಾಕಿದರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಮೆಣಸಿನಕಾಯಿಯ ಘಾಟು ಎಂದು ತಿಳಿಯುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ಅವರು ನನ್ನೆದುರು ಎಂದೂ ಕೂತವರಲ್ಲ. ನೀರು ಕುಡಿಯಲು ಬಂದೆ ಎನ್ನುತ್ತ, ತಂಬಿಗೆ ಹಿಡಿದು, ಬಾಗಿಲ ಚೌಕಟ್ಟಿಗೆ ಒರಗಿ ನಿಲ್ಲುತ್ತಿದ್ದರು. ಇಂಥ ದರಿದ್ರ ಸೀರಿಯಲ್ಲು ಯಾರು ನೋಡುತ್ತಾರೆ ಎಂದು ಕೇಳುತ್ತಿದ್ದರು. ಸೀರಿಯಲ್ಲು ಮುಗಿಯುವವರೆಗೆ ತಂಬಿಗೆಯ ನೀರು ಮುಗಿಯುತ್ತಿರಲಿಲ್ಲ. ಭಾನುವಾರದ ಸಿನಿಮಾದಲ್ಲಿ ನಾಯಕ ಒಂದೇ ಕೈಯಲ್ಲಿ ಜೋಳದ ಚೀಲ ಎತ್ತಿದರೆ, ಅದರೊಳಗೆ ಬರೀ ಹೊಟ್ಟು ತುಂಬಿದ್ದಾರೆಂದು ತೀರ್ಪು ಕೊಡುತ್ತಿದ್ದರು. ಕೊನೆಯ ಹೊಡೆದಾಟಕ್ಕೆ ಮೊದಲೇ, ಇದೆಲ್ಲ ನನಗೆ ಗೊತ್ತಿದ್ದದ್ದೇ ಎಂದು ಹೊರಟುಬಿಡುತ್ತಿದ್ದರು. ಆಮೇಲೆ ಊಟಕ್ಕೆ ಕೂತಾಗ ಕೊನೆಗೆ ಯಾರು ಸತ್ತರೆಂದು ಕೇಳುತ್ತಿದ್ದರು. ಇಂಥವರನ್ನು ಹೇಗೆ ಅರ್ಥಮಾಡಿಕೊಳ್ಳುವುದು?

ಹೇಳುವವಳು ತಂಗಿ ಲೀಲಾ. ಗಂಡ ತೀರಿಕೊಂಡ ಮೇಲೆ ಆಕೆ ಅಣ್ಣನ ಮನೆಯಲ್ಲೇ ಇದ್ದಳು. ಫಕ್ಕೀರಪ್ಪನವರು ಗಿರಣಿ ಬಂದ್ ಮಾಡಿ ಬರುವ ಹೊತ್ತಿಗೆ ಸೀರಿಯಲ್ಲು ಅರ್ಧ ಆಗಿರುತ್ತಿದ್ದುದರಿಂದ, ಜಾಹೀರಾತು ಬಂದಾಗ ಆಕೆ ಮೊದಲರ್ಧವನ್ನು ಅಣ್ಣನಿಗೆ ಹೇಳಬೇಕು. ಅಣ್ಣ ತಂಗಿ ಬಾಯಿ ತುಂಬ ಮಾತಾಡುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಮಿಕ್ಕ ವೇಳೆ ಅಣ್ಣನ ಎದುರು ನಿಂತು ಮಾತಾಡಿ ಆಕೆಗೆ ರೂಢಿಯಿರಲಿಲ್ಲ.

ಒಂದು ದಿನ ಬಸ್ ಕಂಡಕ್ಟರ್ ಗುರುಪಾದಪ್ಪನವರು ಹಿರಿಯರೊಬ್ಬರ ಜೊತೆ ಮನೆಗೆ ಬಂದರು. ಗುರುಪಾದಪ್ಪನವರೂ ಹೆಂಡತಿಯನ್ನು ಕಳೆದುಕೊಂಡವರು. ಲೀಲಾ ಒಪ್ಪುವುದಾದರೆ ಮದುವೆಯಾಗುತ್ತೇನೆಂದರು. ನನ್ನ ದನಿ ಸಣ್ಣ ಮಾಡಿದ್ದರಿಂದ ಎಲ್ಲ ಕೇಳಿಸಿತು. ಫಕ್ಕೀರಪ್ಪನವರು, ಮಂದಿ ಏನಂದಾರು, ಬೇಡ ಎಂದು ಚಹಾ ಕುಡಿಸಿ ಕಳಿಸಿಬಿಟ್ಟರು. ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದ ಲೀಲಾಳನ್ನು ಒಂದು ಮಾತೂ ಕೇಳಲಿಲ್ಲ. ಆಕೆ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನಗೆ ಕೆಟ್ಟದೆನಿಸಿತು.

ಕೆಲವು ದಿನಗಳ ನಂತರ ಫಕ್ಕೀರಪ್ಪನವರು ತಂಬಿಗೆ ಹಿಡಿದು ನಿಂತು, ಏನಾಯಿತು ಮುಂದೆ ಎಂದು ಎಂದಿನಂತೆ ಕೇಳಿದರು. ಲೀಲಾ ನನ್ನನ್ನೇ ನೋಡುತ್ತ ಹೇಳತೊಡಗಿದಳು. ಸೀರಿಯಲ್ಲಿನಲ್ಲಿ ಹೊಸದಾಗಿ ಒಬ್ಬಾಕೆ ಬಂದಿದ್ದಾಳೆ. ಗಂಡ ಸತ್ತವಳು. ಒಳ್ಳೆಯವನೊಬ್ಬ ಕೈ ಹಿಡಿಯುತ್ತೇನೆಂದು ಬಂದ. ಅವಳ ಅಣ್ಣ ಅವನನ್ನು ವಾಪಸು ಕಳಿಸಿಬಿಟ್ಟ.

"ಆಕೀನ್ನ ಕೇಳಲೇ ಇಲ್ಲೇನು?" ಎಂದರು ಫಕ್ಕೀರಪ್ಪನವರು.

"ಇಲ್ಲಣ್ಣ."

"ಎಂಥಾ ಮಳ್ಳ ಅದಾನಂವ. ಬಾಳ್ವೆ ಮಾಡಾಕಿ ಆಕಿ. ಆಕೀನ್ನ ಕೇಳಬೇಕಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಅಂಥ ಹೆಂಗಸಿನ ಮಾತು ನನ್ನಿಂದ ಒಂದೂ ಹೊರಟಿರಲಿಲ್ಲ. ನನ್ನ ಮುಖದ ಮೇಲೆ ಸದ್ದಿಲ್ಲದೆ ಬೇರೊಂದು ಕಥೆ ನಡೆಯುತ್ತಿದೆಯೇ ಎಂದು ನನ್ನ ಮೇಲೇ ಅನುಮಾನ ಬಂತು. ಮಂದಿ ಏನಂದಾರು ಎಂದಿದ್ದ ಬಾಯಿಯೇ ಈಗ ಆ ಅಣ್ಣನನ್ನು ದಡ್ಡನೆಂದು ಬೈಯುತ್ತಿದ್ದುದು ಇನ್ನೊಂದು ತಲೆನೋವು.

ಅಲ್ಲಿಂದ ಫಕ್ಕೀರಪ್ಪನವರಿಗೆ ಅದೇ ಚಿಂತೆ. ಬರುತ್ತಿದ್ದಂತೆಯೇ, ಆ ಮಳ್ಳ ಒಪ್ಪಿದನೇ ಎಂದು ವಿಚಾರಿಸುತ್ತಿದ್ದರು. ಇನ್ನೂ ಇಲ್ಲ ಎನ್ನುತ್ತಿದ್ದಳು ಲೀಲಾ. ತಮಗೇಕೆ ಅವನು ಕಾಣಿಸುವುದಿಲ್ಲ ಎಂದರೆ, ಮೊದಲರ್ಧದಲ್ಲೇ ಬಂದು ಹೋದ ಎನ್ನುತ್ತಿದ್ದಳು.

ಆಮೇಲೊಂದು ದಿನ ಗಿರಣಿಯ ಮೋಟರು ಸುಟ್ಟಿತು. ಫಕ್ಕೀರಪ್ಪನವರು ಬೆಳಿಗ್ಗೆಯಿಂದ ಮನೆಯಲ್ಲೇ ಇದ್ದರು. ಸಂಜೆ ಮೊದಲ ಬಾರಿಗೆ ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು, ಶುರುವಿನ ಹಾಡಿನಿಂದಲೇ. ಇವತ್ತು ಆ ಅಣ್ಣನನ್ನು ನೋಡಿಯೇಬಿಡುತ್ತೇನೆ ಎಂದರು. ಅಕ್ಕಿ ಆರಿಸುತ್ತಿದ್ದ ಲೀಲಾಳ ಕೈ ಮೊರದ ಮೇಲೆ ನಿಂತುಬಿಟ್ಟಿತು. ಸೀರಿಯಲ್ಲು ಮುಗಿಯಿತು. ಅಣ್ಣ ಬರಲಿಲ್ಲ, ಆ ಹೆಂಗಸೂ ಬರಲಿಲ್ಲ. ಫಕ್ಕೀರಪ್ಪನವರು ತಂಗಿಯ ಕಡೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಟವೆಲಿನಿಂದ ಕಣ್ಣೊರೆಸಿಕೊಂಡರು. ಅವತ್ತು ಖಾರ ಬೀಸಿಯೇ ಇರಲಿಲ್ಲ. ಟವೆಲಿನಲ್ಲಿ ಹಳೆಯ ಘಾಟು ಉಳಿದಿರಬೇಕು ಎಂದುಕೊಂಡೆ.

"ಲೀಲಾ," ಎಂದರು ಮೆಲ್ಲಗೆ. "ಆಕೀಗೆ ಮನಸೈತೇನು?"

ಲೀಲಾ ಮೊರ ನೋಡುತ್ತಲೇ, "ಐತಿ," ಎಂದಳು.

"ಹಂಗಾದ್ರ ಆ ಅಣ್ಣ ನಾಳೆ ಬಸ್ ಸ್ಟ್ಯಾಂಡಿಗೆ ಹೋಗಿ ಮಾತಾಡಿ ಬರ್ತಾನ."

ನಾಳೆಯ ಕಂತು ಇವರಿಗೆ ಹೇಗೆ ಗೊತ್ತಾಯಿತೋ ನನಗೆ ಹೊಳೆಯಲಿಲ್ಲ.

ಲೀಲಾಳ ಮದುವೆ ಆಯಿತು. ಆಕೆಯ ಜೊತೆ ನನ್ನನ್ನೂ ಟೆಂಪೋಗೆ ಹೇರಿ ಗಂಡನ ಊರಾದ ಹಾನಗಲ್ಲಿಗೆ ಕಳಿಸಿದರು. ಅಲ್ಲಿ ಗುರುಪಾದಪ್ಪನವರು ಡ್ಯೂಟಿ ಮುಗಿಸಿ ಬಂದು ನನ್ನೆದುರು ಕೂತ ಕೂಡಲೇ ನಿದ್ದೆ ಹೋಗುತ್ತಿದ್ದರು. ಎದ್ದಮೇಲೆ, ಸಿನಿಮಾ ಚಲೋ ಇತ್ತು ಎನ್ನುತ್ತಿದ್ದರು. ಲೀಲಾ ನಕ್ಕು ನಕ್ಕು ಸುಸ್ತಾಗುತ್ತಿದ್ದಳು. ಆಕೆ ಹಾಗೆ ನಗಬಲ್ಲಳೆಂದು ನನಗೆ ಗೊತ್ತೇ ಇರಲಿಲ್ಲ.

ಈಗ ನನ್ನ ಪಿಕ್ಚರ್ ಟ್ಯೂಬ್ ಹೋಗಿದೆ. ಗೋಡೆಯ ಮೇಲೆ ತೆಳ್ಳನೆಯವನು ಬಂದಿದ್ದಾನೆ. ಲೀಲಾ ನನ್ನನ್ನು ಗುಜರಿಗೆ ಕೊಡಲೊಪ್ಪದೆ, ಹೆಣೆದ ಬಟ್ಟೆ ಹೊದಿಸಿ ಮೂಲೆಯಲ್ಲಿ ಇಟ್ಟುಕೊಂಡಿದ್ದಾಳೆ. ಬಟ್ಟೆಯ ಸಂದಿಯಿಂದ ಒಂದಿಷ್ಟು ಕಾಣಿಸುತ್ತದೆ.

ಮೊನ್ನೆ ಫಕ್ಕೀರಪ್ಪನವರು ಬಂದಿದ್ದರು. ತಲೆ ಪೂರ್ತಿ ನರೆತಿದೆ. ಕರೆಂಟು ಇರಲಿಲ್ಲ, ಗೋಡೆಯವನೂ ಸುಮ್ಮನಿದ್ದ. ಅವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿದರು.

"ಲೀಲಾ, ಆ ಮಳ್ಳ ಅಣ್ಣ ಮುಂದೇನಾದ?"

"ಬಾಗಿಲದಾಗ ನಿಂತಾನ. ಒಳಗ ಬಂದು ಕೂಡು ಅಂದ್ರ ಕೇಳವಲ್ಲ."

ಫಕ್ಕೀರಪ್ಪನವರು ಒಳಗೆ ಬಂದು ಕೂತರು. ಕಣ್ಣೊರೆಸಿಕೊಂಡರು. ಗಿರಣಿ ಮಾರಿ ಎಷ್ಟೋ ಕಾಲವಾಯಿತೆಂದು ಕೇಳಿದ್ದೇನೆ. ಟವೆಲ್ ಕೂಡ ಹೊಸದೇ. ಆದರೂ ಕಣ್ಣಲ್ಲಿ ನೀರೇಕೆ ಬಂತು ಎನ್ನುವುದು ನನಗೆ ಇನ್ನೂ ತಿಳಿದಿಲ್ಲ.