ಚೌಕಟ್ಟಿನ ಮೇಲಿನ ಪೆನ್ಸಿಲ್ ಗುರುತು

"ಏನೇ ಇದು, ಕಟ್ಟಿಕೊಂಡ ಗಂಡನ ಮೇಲೆ ನೀನೇ ಊರಿಗೆಲ್ಲ ದೂರು ಹೇಳ್ತಿದೀಯಾ?"

ಫೋನಿನ ಆ ಕಡೆಯಿಂದ ಅಕ್ಕ ನಗುತ್ತಿದ್ದಳು. ಸುಮೇಗೆ ಏನೂ ಅರ್ಥವಾಗಲಿಲ್ಲ. ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಧ್ಯಾಹ್ನದ ಗಂಜಿಗೆಂದು ಹಾಲುಮೀನಿನ ಮುಳ್ಳು ಬಿಡಿಸುತ್ತಿದ್ದಳು. ಬೆಳಿಗ್ಗೆ ನೀನು ಕಳಿಸಿದ್ದನ್ನು ನೀನೇ ಓದಿದೆಯೋ ಇಲ್ಲವೋ ಎಂದು ಅಕ್ಕ ಕೇಳಿದಳು. ಓದಿದೆ ಎನ್ನಲು ಸುಮೇ ಬಾಯಿ ತೆರೆದಳು. ನಿಜ ಹೇಳಬೇಕೆಂದರೆ ಓದಿರಲಿಲ್ಲ.

ಓದಿಯೇ ಮುಂದಕ್ಕೆ ಕಳಿಸಬೇಕು ಎಂಬ ಪದ್ಧತಿ ತೈನಾನ್ ಊರಿನ ಆ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಓಣಿಯ ಫೋನ್ ಗುಂಪಿನಲ್ಲಿ ಎಂಬತ್ತಾರು ಜನ. ಬೆಳಿಗ್ಗೆ ಆರೂವರೆಗೆ ನಿವೃತ್ತ ಚ್ಯಾಂಗ್ ಮೇಷ್ಟ್ರು ಒಂದು ಎಚ್ಚರಿಕೆ ಹಾಕುತ್ತಾರೆ. ಯಾವ ಹಣ್ಣಿನ ಜೊತೆ ಯಾವ ಮೀನು ತಿನ್ನಬಾರದು, ಯಾವ ನಂಬರಿನಿಂದ ಫೋನ್ ಬಂದರೆ ಎತ್ತಬಾರದು, ಇಂಥವು. ಮೇಲುಗಡೆ ತಪ್ಪದೆ ಒಂದು ಸಾಲು: 'ನಿಜವೋ ಸುಳ್ಳೋ ಗೊತ್ತಿಲ್ಲ, ಎಚ್ಚರಿಕೆಗೆ ಇರಲಿ.' ಆ ಸಾಲು ಹಾಕಿದ ಮೇಲೆ ಕಳಿಸಿದವರ ಹೊಣೆ ಮುಗಿಯಿತು. ಉಳಿದವರ ಹೊಣೆ, ಅರ್ಧ ಗಂಟೆಯೊಳಗೆ ಕೃತಜ್ಞತೆ ಹೇಳುವುದು. ಸುಮೇ ಕೈ ಮುಗಿದು ಬಗ್ಗುವ ದಪ್ಪ ಕರಡಿಯ ಸ್ಟಿಕ್ಕರ್ ಹಾಕುತ್ತಿದ್ದಳು. ಅದನ್ನು ಹಾಕದಿದ್ದರೆ ಎದುರಿಗೆ ಬಂದ ಹಿರಿಯರನ್ನು ಮಾತಾಡಿಸದೆ ಹೋದ ಹಾಗೆ. ಓದುವುದು ಮಾತ್ರ ಅವರವರ ಅನುಕೂಲ. ಅಂದು ಬೆಳಿಗ್ಗೆಯೂ ಕರಡಿಯನ್ನು ಬಗ್ಗಿಸಿ, ಮೇಷ್ಟ್ರು ಹಾಕಿದ್ದನ್ನು ಮಾಜು ದೇವಿ ಗುಡಿಯ ಅಡುಗೆ ಹೆಂಗಸರ ಗುಂಪಿಗೂ ಅಕ್ಕನಿಗೂ ದಾಟಿಸಿ, ಅಕ್ಕಿ ತೊಳೆಯಲು ಹೋಗಿದ್ದಳು.

"ನಿಂದೇನೋ ಆಯ್ತು," ಎಂದಳು ಅಕ್ಕ. "ನಾನೂ ಓದದೇನೇ ನಮ್ಮ ಬಿಲ್ಡಿಂಗ್ ಗುಂಪಿಗೆ ಹಾಕ್ಬಿಟ್ಟೆ. ಈಗ ತಾನೇ ಓದಿ ಎದೆ ಒಡೆದು ಹೋಯ್ತು."

ಸುಮೇ ಕೈ ಒರೆಸಿಕೊಂಡು, ಕನ್ನಡಕ ಹುಡುಕಿ, ಮೊದಲ ಸಲ ಓದಿದಳು. ನೀಲಿ ಟ್ರಕ್ಕಿನಲ್ಲಿ 'ಕಿಟಕಿಯ ಸೊಳ್ಳೆ ಜಾಲರಿ ರಿಪೇರಿ' ಎಂದು ಕೂಗಿಸಿಕೊಂಡು ಓಣಿ ಓಣಿ ತಿರುಗುವವರನ್ನು ಒಳಗೆ ಬಿಡಬೇಡಿ. ಅಳತೆ ತೆಗೆಯುವ ನೆಪದಲ್ಲಿ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಿಕೊಳ್ಳುತ್ತಾರೆ. ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಅಂಕಿ ಬರೆದು ಸುತ್ತ ಸೊನ್ನೆ ಎಳೆದು ಹೋಗುತ್ತಾರೆ. ಅದು ಕಳ್ಳರ ಗುರುತು. ಒಮ್ಮೆ ಅಳತೆ ತೆಗೆದುಕೊಂಡು ಹೋದವನು ಎರಡನೇ ಸಲ ಅಳತೆಗೆಂದು ಬಂದರೆ ಬಾಗಿಲು ತೆರೆಯಲೇಬೇಡಿ, ಪೊಲೀಸರಿಗೆ ಫೋನ್ ಮಾಡಿ. ವಯಸ್ಸಾದವರಿಗೆ ದಯವಿಟ್ಟು ತಿಳಿಸಿ.

ಕೆಳಗೆ ಮೂವತ್ತೇಳು ಕೃತಜ್ಞತೆಗಳು. ಮೂರನೆಯದು ಅವಳ ಕರಡಿ.

ಅವಳ ಗಂಡ ಜಿನ್‌ಫು ಮೂವತ್ತು ವರ್ಷದಿಂದ ಮಾಡುತ್ತಿರುವ ಕೆಲಸವೇ ಅದು. ನೀಲಿ ಟ್ರಕ್ಕಿನ ಮೈಕಿನಲ್ಲಿ ಕೂಗುವ ದನಿ ಸುಮೇಯದು, ಮದುವೆಯಾದ ಹೊಸತರಲ್ಲಿ ರೆಕಾರ್ಡ್ ಮಾಡಿದ್ದು. ಆ ಪೆನ್ಸಿಲ್ ಗುರುತೂ ಜಿನ್‌ಫುವಿನದೇ. ಅವನಿಗೆ ಅಂಕಿ ತಲೆಯಲ್ಲಿ ನಿಲ್ಲುವುದಿಲ್ಲ, ಎರಡು ಮೆಟ್ಟಿಲಿಳಿದರೆ ಅಗಲ ಹೋಗಿ ಉದ್ದ ಉಳಿಯುತ್ತದೆ. ಅದಕ್ಕೇ ಕಿಟಕಿಯ ಚೌಕಟ್ಟಿನ ಎಡ ಮೂಲೆಯಲ್ಲಿ ಅಳತೆ ಬರೆದು, ಕಣ್ಣಿಗೆ ಬೀಳಲೆಂದು ಸುತ್ತ ಒಂದು ಸೊನ್ನೆ ಎಳೆಯುತ್ತಾನೆ. ಐದಾರು ವರ್ಷದ ಮೇಲೆ ಜಾಲರಿ ಹರಿದರೆ ಟೇಪು ಹಿಡಿಯುವ ಗೊಡವೆಯೇ ಇಲ್ಲ, ಮೂಲೆ ನೋಡಿ ಕತ್ತರಿಸಿದರಾಯಿತು. ಓಣಿಯಲ್ಲಿ ಆ ಗುರುತಿಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ಬೇರೆ ಜಾಲರಿಯವರೂ ಹೀಗೇ ಬರೆಯುತ್ತಾರೋ ಏನೋ, ಅವಳಿಗೆ ತಿಳಿಯದು. ಯಾವ ಊರಿನ ಯಾರು ಮೊದಲು ಈ ಎಚ್ಚರಿಕೆಯನ್ನು ಬರೆದರು ಎಂಬುದೂ ಕೊನೆಯವರೆಗೆ ತಿಳಿಯಲಿಲ್ಲ.

ಮೊದಲು ಗುಡಿಯ ಗುಂಪಿನಿಂದ ತನ್ನ ಸಂದೇಶವನ್ನು ಹಿಂದಕ್ಕೆ ತೆಗೆದಳು. 'ಸುಮೇ ಒಂದು ಸಂದೇಶ ಹಿಂತೆಗೆದುಕೊಂಡಿದ್ದಾರೆ' ಎಂಬ ಸಾಲು ಅಲ್ಲಿ ಬಂದು ಕೂತಿತು. ಏನು ತೆಗೆದಿರಿ ಎಂದು ಒಬ್ಬಳು ಕೇಳಿದಳು. ಕೈ ತಪ್ಪಿ ಹೋಗಿರಬೇಕು ಪಾಪ ಎಂದಳು ಇನ್ನೊಬ್ಬಳು. ಮೂರನೆಯವಳು, ಮೂಲಂಗಿ ಹೆಚ್ಚುವುದರಲ್ಲಿ ಗುಡಿಗೇ ಹೆಸರಾದ ಉಪಕಾರಿ, ಅದನ್ನು ಉಳಿಸಿಟ್ಟುಕೊಂಡಿದ್ದಳಂತೆ. ನೋಡದವರಿಗೆ ಇರಲಿ ಎಂದು ಮತ್ತೆ ಹಾಕಿದಳು. ಮೊದಲ ಸಲ ಹನ್ನೊಂದು ಜನ ಕೃತಜ್ಞತೆ ಹೇಳಿದ್ದರು, ಈ ಸಲ ಹತ್ತೊಂಬತ್ತು.

ಜಿನ್‌ಫು ಊಟಕ್ಕೆ ಬಂದ. ಮೇ ತಿಂಗಳು, ಮಳೆ ಹಿಡಿಯುವ ಮೊದಲಿನ ದಿನಗಳು. ಡೆಂಗಿ ಬಂದೀತು, ಜಾಲರಿ ಸರಿಮಾಡಿಸಿಕೊಳ್ಳಿ ಎಂದು ವಾರ್ಡಿನವರು ದಿನಾ ಹೇಳುತ್ತಿದ್ದರು. ವರ್ಷದ ಈ ಹೊತ್ತಿನಲ್ಲಿ ಅವನಿಗೆ ಬಿಸಿ ಗಂಜಿ ಆರಿಸಿಕೊಂಡು ಕುಡಿಯಲೂ ಪುರುಸೊತ್ತು ಸಿಗುತ್ತಿರಲಿಲ್ಲ. ಇಂದು ನಿಧಾನವಾಗಿ ಮೀನು ತಿಂದ, ಬಟ್ಟಲನ್ನು ತಾನೇ ತೊಳೆದಿಟ್ಟ. ಬೆಳಗಿನಿಂದ ಒಬ್ಬರೂ ಕರೆಯಲಿಲ್ಲ, ಮೈಕು ಕೆಟ್ಟಿದೆಯೋ ಎಂದು ಎರಡು ಸಲ ಇಳಿದು ನೋಡಿದೆ ಎಂದ. ಸುಮೇ ಒಲೆ ಒರೆಸತೊಡಗಿದಳು. ಸಂದೇಶದ ಸಂಗತಿ ಹೇಳಬೇಕಾದರೆ ಕರಡಿಯನ್ನೂ ಹೇಳಬೇಕಾಗುತ್ತಿತ್ತು. ಅವಳಿಗೆ ನಾಚಿಕೆಯಾಗಿತ್ತು, ಹೆದರಿಕೆಯೂ ಆಗಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಓಣಿಯ ಗುಂಪಿನಲ್ಲಿ ಫೋಟೋಗಳು ಬರತೊಡಗಿದವು. ಮೊದಲು ಮೂಲೆಮನೆಯವರು: ನಮ್ಮನೆಯಲ್ಲೂ ಇದೆ. ಆಮೇಲೆ ಕ್ಷೌರದಂಗಡಿಯವರು, ಅವರ ಹಿಂದೆ ಅವಳಿ ಮಕ್ಕಳ ತಾಯಿ. ಒಂದಾದ ಮೇಲೆ ಒಂದು ಚೌಕಟ್ಟು, ಪೆನ್ಸಿಲಿನ ಅಂಕಿ, ಸುತ್ತ ಸೊನ್ನೆ. ಜಿನ್‌ಫು ಏಳನ್ನು ಬರೆದು ಸೊಂಟಕ್ಕೊಂದು ಅಡ್ಡಗೆರೆ ಎಳೆಯುತ್ತಾನೆ. ಹದಿನಾಲ್ಕು ಫೋಟೋಗಳಲ್ಲಿ ಆ ಏಳನ್ನು ಗುರುತಿಸಿದಳು. ಕೆಲವು ಅಂಕಿ ಮಾಸಿಹೋಗಿದ್ದವು, ಮಗಳು ಹುಟ್ಟುವುದಕ್ಕೂ ಮೊದಲಿನವು ಇರಬೇಕು. ಇವರಿಗೆ ಇದನ್ನು ಬರೆದವರು ಯಾರೆಂದು ಗೊತ್ತಿಲ್ಲವೇ? ಜಾಲರಿ ಹಾಕಿಸಿಕೊಂಡು, ಚಹಾ ಕೊಟ್ಟು, ಸೆಖೆಯ ಬಗ್ಗೆ ಮಾತಾಡಿ ಕಳಿಸಿದವರೇ ಅಲ್ಲವೇ? ಮರೆತರೋ, ನೆನಪಿದ್ದೂ ಸುಮ್ಮನಿದ್ದರೋ.

ಸಂಜೆ ಒಂದು ಚೀಲ ಸೀಬೆಹಣ್ಣು ಹಿಡಿದುಕೊಂಡು ಮೇಷ್ಟ್ರ ಮನೆಗೆ ಹೋದಳು. ಬರಿಗೈಯಲ್ಲಿ ಹೋಗಿ ತಕರಾರು ಹೇಳುವುದು ಆಗದ ಮಾತು. ಮಗಳಿಗೆ ನಾಲ್ಕು ವರ್ಷ ಬಿಟ್ಟಿ ಪಾಠ ಹೇಳಿಕೊಟ್ಟವರು. ಬಾಗಿಲ ಪಕ್ಕದ ಕಿಟಕಿಯ ಎಡ ಮೂಲೆಯಲ್ಲಿ ಜಿನ್‌ಫುವಿನ ಸೊನ್ನೆ ಕಾಣುತ್ತಲೇ ಇತ್ತು. ಮೇಷ್ಟ್ರು ಆದರದಿಂದ ಕೂರಿಸಿ ಚಹಾ ಬಗ್ಗಿಸಿದರು. ಅವಳು ಸುತ್ತಿ ಬಳಸಿ ವಿಷಯಕ್ಕೆ ಬರುವಷ್ಟರಲ್ಲಿ ಚಹಾ ಮೂರು ಸಲವಾಗಿತ್ತು.

"ಜಿನ್‌ಫು ಎಂಥವನು ಅಂತ ನಂಗೆ ಗೊತ್ತಿಲ್ವೇನಮ್ಮಾ," ಎಂದರು. "ಅದು ಅವನ ಬಗ್ಗೆ ಅಲ್ಲ. ಎಲ್ಲೆಲ್ಲಿಂದಲೋ ಬರ್ತಾರಲ್ಲ, ಅವರ ಬಗ್ಗೆ. ನೀವಿಬ್ರೂ ಯಾಕೆ ಮೈಮೇಲೆ ಎಳ್ಕೋತೀರಿ?"

"ಗುರುತು ಅವನದೇ ಮೇಷ್ಟ್ರೇ. ನಿಮ್ಮ ಕಿಟಕಿ ಮೇಲೂ ಇದೆ. ನೀವೊಂದು ಮಾತು ಹಾಕಿದ್ರೆ..."

"ನಿಜವೋ ಸುಳ್ಳೋ ಗೊತ್ತಿಲ್ಲ ಅಂತ ಮೇಲೇ ಹಾಕಿದೀನಲ್ಲ." ಮೇಷ್ಟ್ರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕಷ್ಟವಿತ್ತು. "ಅಷ್ಟು ಜನ ಕೃತಜ್ಞತೆ ಹೇಳಿದಾರೆ. ಈಗ ನಾನು ತಪ್ಪು ಅಂದ್ರೆ ಅವರೆಲ್ಲ ಪೆದ್ದರಾದ ಹಾಗಲ್ವಾ? ನೀನೂ ಹೇಳಿದೀಯ, ಕರಡಿ ನೋಡಿದೆ." ಅವಳ ಬಟ್ಟಲಿಗೆ ಮತ್ತೆ ಚಹಾ ಬಗ್ಗಿಸಿದರು. "ಬೇಕಿದ್ರೆ ನೀನೇ ಬರಿ. ನಾನೇನೂ ಬೇಜಾರು ಮಾಡ್ಕೊಳಲ್ಲ."

ಮನೆಗೆ ಬಂದು ಬರೆಯಲು ಕೂತಳು. 'ಆ ಗುರುತುಗಳು ನನ್ನ ಗಂಡ ಮಾಡಿದ್ದು' ಎಂದು ಬರೆದು ಓದಿದರೆ ಸ್ಟೇಷನ್ನಿನಲ್ಲಿ ತಪ್ಪೊಪ್ಪಿಕೊಂಡ ಹಾಗಿತ್ತು. ಅಳಿಸಿದಳು. 'ಎಲ್ಲರೂ ತಪ್ಪು ತಿಳಿದಿದ್ದೀರಿ' ಎಂದು ಬರೆದಳು, ಹಿರಿಯರಿರುವ ಗುಂಪಿನಲ್ಲಿ ಬೈದ ಹಾಗಿತ್ತು. ಅದನ್ನೂ ಅಳಿಸಿದಳು. ಕೊನೆಗೆ, ನೆರೆಹೊರೆಯವರಿಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಇರಲಿ, ಫೋಟೋದಲ್ಲಿರುವುದು ಕಿಟಕಿಯ ಅಳತೆ, ನಮ್ಮ ಜಿನ್‌ಫು ಮೂವತ್ತು ವರ್ಷದಿಂದ ಹೀಗೇ ಬರೆದುಕೊಳ್ಳುತ್ತಾನೆ, ಬೇರೇನಿಲ್ಲ, ಎಂದು ಬರೆದು ಕಳಿಸಿದಳು.

ಎಷ್ಟು ಜನ ಓದಿದರು ಎಂಬುದನ್ನು ಫೋನು ಸಂದೇಶದ ಮಗ್ಗುಲಲ್ಲೇ ತೋರಿಸುತ್ತದೆ. ಹತ್ತು. ಇಪ್ಪತ್ತೆರಡು. ಮಗಳ ಹಳೆಯ ಮೇಜಿನ ಮುಂದೆ ಕೂತು ನೋಡುತ್ತಿದ್ದಳು. ಐವತ್ತೊಂದು. ಯಾರೂ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಬೈದಿದ್ದರೆ ಮಾತಿಗೊಂದು ದಾರಿಯಾದರೂ ಸಿಗುತ್ತಿತ್ತು. ಎಪ್ಪತ್ತೊಂಬತ್ತು ತಲುಪಿದಾಗ ಕ್ಷೌರದಂಗಡಿಯವರು ಒಂದು ಬೆಕ್ಕಿನ ಚಿತ್ರ ಹಾಕಿದರು: ಸೆಖೆ ಜಾಸ್ತಿ, ಎಲ್ಲರೂ ನೀರು ಕುಡಿಯಿರಿ. ಸಭೆಯಲ್ಲಿ ಯಾರೋ ಸೀನಿದಾಗ ಉಳಿದವರು ಬೇರೆ ಮಾತೆತ್ತುತ್ತಾರಲ್ಲ, ಹಾಗೆ. ಬೆಕ್ಕಿನ ಕೆಳಗೆ ಕೃತಜ್ಞತೆಗಳು ಸಾಲುಗಟ್ಟಿದವು. ಅವಳು ಬರೆದದ್ದು ಅವುಗಳ ನೂಕಿಗೆ ಮೇಲೆ ಮೇಲೆ ಹೋಗಿ ಪರದೆಯಿಂದ ಆಚೆಯಾಯಿತು.

ಗುಂಪಿನಲ್ಲಿ ಇಲ್ಲದಿದ್ದದ್ದು ಜಿನ್‌ಫು ಒಬ್ಬನೇ, ಅವನದು ಗುಂಡಿ ಒತ್ತುವ ಹಳೆಯ ಫೋನು. ಊಟವಾದ ಮೇಲೆ ಅವನಿಗೆ ಎಲ್ಲ ಹೇಳಿದಳು, ಕರಡಿಯನ್ನೂ ಬಿಡಲಿಲ್ಲ. ಅವನು ಹಲ್ಲುಕಡ್ಡಿ ಕಚ್ಚಿಕೊಂಡು ಕೇಳಿಸಿಕೊಂಡ. ಎಲ್ಲರೂ ಓದಿದರೇ ಎಂದು ಕೇಳಿದ. ಓದಿದ್ದಾರೆ ಎಂದಳು.

"ಓದಿದಾರಲ್ಲ, ಬಿಡು. ಮೇಷ್ಟ್ರಿಗೆ ಗೊತ್ತಿದೆ ತಾನೆ, ಅಷ್ಟು ಸಾಕು."

ಮಾರನೆಯ ದಿನ ಓಣಿಯಲ್ಲಿ ಅವನ ಟ್ರಕ್ಕು ಎರಡು ಸುತ್ತು ಹಾಕಿತು. ತೆರೆದಿದ್ದ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಕ್ಷೌರದಂಗಡಿಯ ಮುದುಕಿ ಎಂದಿನ ಹಾಗೆ ನಕ್ಕಳು, ಊಟವಾಯಿತೇ ಎಂದೂ ಕೇಳಿದಳು, ಕೇಳುತ್ತಲೇ ಬಾಗಿಲು ಎಳೆದುಕೊಂಡಳು. ಮೇಷ್ಟ್ರ ಮನೆಯ ಕಿಟಕಿಯಲ್ಲಿ ಎಡ ಮೂಲೆಯನ್ನು ಯಾರೋ ಚೆನ್ನಾಗಿ ಉಜ್ಜಿ ತೊಳೆದಿದ್ದರು. ಹಳೆಯ ಚೌಕಟ್ಟಿನಲ್ಲಿ ಅಂಗೈಯಗಲ ಜಾಗ ಮಾತ್ರ ಹೊಸದರಂತೆ ಬೆಳ್ಳಗಿತ್ತು. ಜಿನ್‌ಫು ಗಾಡಿ ನಿಧಾನ ಮಾಡಿ ನೋಡಿದ. ಮನೆಗೆ ಬಂದವನು ಅದನ್ನು ಸುಮೇಗೆ ಹೇಳಿ, ಇನ್ನು ಅವರ ಮನೆಗೂ ಹೊಸದಾಗಿ ಅಳತೆ ತೆಗೆಯಬೇಕು ಎಂದ.

ಮೂರನೆಯ ದಿನ ಸುಮೇಯೂ ಟ್ರಕ್ಕು ಹತ್ತಿದಳು. ಜೊತೆಗೆ ಹೆಂಗಸಿದ್ದರೆ ಜನಕ್ಕೆ ಧೈರ್ಯ ಬಂದೀತು ಎಂದು ಅವಳ ಎಣಿಕೆ. ಅಳತೆ ಬರೆದುಕೊಳ್ಳಲು ಒಂದು ಪುಟ್ಟ ನೋಟ್‌ಬುಕ್ಕು ಕೊಂಡು ಕೊಟ್ಟಿದ್ದಳು. ಕಾಲುವೆಯಾಚೆಯ ಓಣಿಯಲ್ಲಿ, ಬಿಸಿಲು ನೆತ್ತಿಗೇರುವ ಹೊತ್ತಿಗೆ, ಎರಡನೇ ಮಹಡಿಯಿಂದ ಒಬ್ಬಾಕೆ ಕೈ ಬೀಸಿ ಕರೆದಳು. ಕೂಸಿಗೆ ಮೈಯೆಲ್ಲ ಸೊಳ್ಳೆ ಕಚ್ಚಿದೆ, ಬೇಗ ಬನ್ನಿ ಎಂದಳು. ಮೂರು ದಿನದಲ್ಲಿ ಮೊದಲ ಕರೆ. ಜಿನ್‌ಫು ಟೇಪು ಹಿಡಿದು ಮೆಟ್ಟಿಲಿನ ಕಡೆ ಹೆಚ್ಚುಕಡಿಮೆ ಓಡಿದ. ನೋಟ್‌ಬುಕ್ಕು ಸೀಟಿನ ಮೇಲೆಯೇ ಉಳಿದಿದ್ದನ್ನು ಸುಮೇ ಕಂಡದ್ದು ಅವನು ಮೇಲೆ ಹೋದ ಬಳಿಕ.

ಕೆಳಗೆ ನಿಂತವಳಿಗೆ ಮೈಕಿನ ಕೂಗಿನ ನಡುನಡುವೆ ಮಾತು ಕೇಳಿಸುತ್ತಿತ್ತು. ಬಾಗಿಲಿನ ಸರಪಳಿ ಬಿಚ್ಚಿದ ಸದ್ದು. ಬೇಗ ಮುಗಿಸಿ, ಮನೇಲಿ ನಾನೂ ಮಗೂನೂ ಇಬ್ರೇ ಇರೋದು, ಎಂದಳು ಆಕೆ, ಹೇಳಿದ ಮೇಲೆ ಹೇಳಬಾರದಿತ್ತು ಎನ್ನುವವಳ ಹಾಗೆ ಮಾತು ನಿಲ್ಲಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅವಳ ದನಿ, ಈ ಸಲ ಗಡಸಾಗಿ:

"ಅಣ್ಣಾ, ಅಲ್ಲಿ ಏನೂ ಬರೀಬೇಡಿ. ಬರೆಯೋದು ಬೇಡ."

ಜಿನ್‌ಫುವಿನ ಪೆನ್ಸಿಲ್ ಚೌಕಟ್ಟಿನವರೆಗೂ ಹೋಗಿರಬೇಕು, ಮೂವತ್ತು ವರ್ಷದ ಅಭ್ಯಾಸ. ಇಲ್ಲಮ್ಮ, ಇಲ್ಲ, ಒಂದು ಪೆನ್ ಇದ್ದರೆ ಕೊಡಿ ಎಂದು ಬೇಡುವ ದನಿಯಲ್ಲಿ ಕೇಳುತ್ತಿದ್ದ. ಅವನು ಹಾಗೆ ಮಾತಾಡುವುದನ್ನು ಸುಮೇ ಎಂದೂ ಕೇಳಿರಲಿಲ್ಲ. ಅವಳಿಗೆ ಅಳು ಬಂತು. ಬಾಗಿಲು ಮುಚ್ಚಿತು, ಸರಪಳಿ ಬಿತ್ತು.

ಅವನು ಬಲಗೈಯಲ್ಲಿ ಟೇಪು ಹಿಡಿದು, ಎಡಗೈ ಮುಷ್ಟಿ ಕಟ್ಟಿಕೊಂಡು ಇಳಿದು ಬಂದ. ಟ್ರಕ್ಕಿನ ಹಿಂಬದಿಯಲ್ಲಿ ಜಾಲರಿಯ ಸುರುಳಿ ಬಿಚ್ಚಿ ಹರಡಿದ, ಕತ್ತರಿ ತೆಗೆದ, ಆಮೇಲೆ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ ಬೆವರು, ಬೆವರಿನಲ್ಲಿ ನೀಲಿ ಶಾಯಿ. ಉದ್ದ ಓದುವ ಹಾಗಿತ್ತು. ಅಗಲದಲ್ಲಿ ಎಂಟು ಉಳಿದಿತ್ತು, ಅದರ ಪಕ್ಕದ್ದು ಕರಗಿ ಹೋಗಿತ್ತು.

"ಏಳಾ, ಒಂದಾ, ನೋಡೇ," ಎಂದ.

ಸುಮೇ ಅವನ ಕೈಯನ್ನು ಹತ್ತಿರಕ್ಕೆ ಹಿಡಿದು ನೋಡಿದಳು. ಅಡ್ಡಗೆರೆ ಇತ್ತೋ ಇಲ್ಲವೋ, ಚರ್ಮದ ಗೆರೆಗಳಲ್ಲಿ ಹೇಳುವಂತಿರಲಿಲ್ಲ. ಇನ್ನೊಮ್ಮೆ ಮೇಲೆ ಹೋಗಿ ಟೇಪು ಹಿಡಿದರೆ ಎರಡು ನಿಮಿಷದ ಕೆಲಸ. ಎರಡನೇ ಸಲ ಅಳತೆಗೆಂದು ಬಂದವನಿಗೆ ಬಾಗಿಲು ತೆರೆಯಲೇಬೇಡಿ ಎಂದಿತ್ತು ಆ ಸಂದೇಶ. ಇಬ್ಬರೂ ಒಟ್ಟಿಗೇ ತಲೆಯೆತ್ತಿದರು. ಎರಡನೇ ಮಹಡಿಯ ಹರಿದ ಜಾಲರಿಯ ಹಿಂದೆ ಆಕೆ ಕೂಸನ್ನು ಎತ್ತಿಕೊಂಡು ಇವರನ್ನೇ ನೋಡುತ್ತಿದ್ದಳು. ಇನ್ನೊಂದು ಕೈಯಲ್ಲಿ ಫೋನಿತ್ತು.

ಮೈಕನ್ನು ಆರಿಸುವುದನ್ನು ಇಬ್ಬರೂ ಮರೆತಿದ್ದರು. ಮನೆ ಬಾಗಿಲಿಗೇ ಬಂದು ಅಳತೆ ತಗೋತೀವಿ, ಎನ್ನುತ್ತಿತ್ತು ಇಪ್ಪತ್ತೈದರ ಸುಮೇಯ ದನಿ, ಜಾಲರಿ ಕಿಟಕಿ, ಜಾಲರಿ ಬಾಗಿಲು. ಜಿನ್‌ಫು ಅಂಗೈಯನ್ನು ಬಿಸಿಲಿಗೆ ಚಾಚಿ, ಬೆರಳುಗಳನ್ನು ಆದಷ್ಟು ಅಗಲಿಸಿ, ನೋಡುತ್ತಾ ನಿಂತಿದ್ದ.