ಫ್ರಿಜ್ ನಿಂತ ಹೊತ್ತು

ವ್ಯಾನಿನಲ್ಲಿದ್ದ ಫ್ರಿಜ್ ಮೊಣಕಾಲೆತ್ತರದ್ದು. ಅದರಲ್ಲಿ ಅಮ್ಮನ ಇನ್ಸುಲಿನ್, ಒಂದಿಷ್ಟು ಹಾಲು, ಟೊಮೆಟೊ. ಲಿಫ್ಟುಗಳಿಗೆ ವೈರಿಂಗ್ ಮಾಡುವ ಮಗಳು ಹಳೆಯ ವ್ಯಾನನ್ನೇ ಮನೆ ಮಾಡಿ, ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿ, ಪೂರ್ಣ ಸೂರ್ಯಗ್ರಹಣ ತೋರಿಸುತ್ತೇನೆಂದು ಅಮ್ಮನನ್ನು ಹೊರಡಿಸಿದ್ದಳು. ಅಮ್ಮ ಹೊಲಿಗೆಯವಳು. ಜೀವಮಾನವೆಲ್ಲ ತಲೆ ತಗ್ಗಿಸಿ ದುಡಿದವಳಿಗೆ ಆಕಾಶದ ಗೊಡವೆ ಇರಲಿಲ್ಲ; ಮಗಳ ಜೊತೆ ನಾಲ್ಕು ದಿನ ಕಳೆಯಬಹುದೆಂದು ಬಂದಿದ್ದಳು, ಅಷ್ಟೆ.

ಗಿಡ ಮರ ಒಂದೂ ಇಲ್ಲದ ಬಯಲಿನಲ್ಲಿ, ಗ್ರಹಣದ ದಿನ ಬೆಳಿಗ್ಗೆಯೇ ದೊಡ್ಡ ಬ್ಯಾಟರಿ ಕೈಕೊಟ್ಟಿತು. ಮಗಳು ಪೆಟ್ಟಿಗೆಯಲ್ಲಿದ್ದ ಹಳೇ ಸ್ಕೂಟರ್ ಬ್ಯಾಟರಿ ಜೋಡಿಸಿದಳು. ಅದು ಹೆಸರಿಗೆ ಮಾತ್ರ. ಬಿಸಿಲಿದ್ದರೆ ಫ್ರಿಜ್ ಉಂಟು, ಇಲ್ಲದಿದ್ದರೆ ಇಲ್ಲ.

“ಮತ್ತೆ ಸೂರ್ಯ ಮರೆಯಾದಾಗ?” ಅಮ್ಮ ಕೇಳಿದಳು.

“ನಿಲ್ಲುತ್ತೆ. ಬಾಗಿಲು ತೆಗೀದಿದ್ರೆ ಆಯ್ತಮ್ಮ, ಸಂಜೆವರೆಗೂ ತಣ್ಣಗಿರುತ್ತೆ. ನೀನು ಹೊರಗೆ ಬಾ.”

“ನೀನು ಹೇಳೋದು ಸರಿನೇ. ನನ್ನ ಜೀವ ಕೇಳ್ಬೇಕಲ್ಲ.”

ಅಮ್ಮ ಫ್ರಿಜ್ಜಿನ ಹಸಿರು ದೀಪವಷ್ಟೇ ಕಾಣುವಂತೆ ಕಂಬಳಿ ಹೊದಿಸಿ, ಕಾಯಿಲೆಯ ಮಗುವಿನ ಪಕ್ಕ ಕೂತಂತೆ ಅದಕ್ಕೆ ಒರಗಿ ಕೂತಳು. ಕಿಟಕಿಯ ಬೆಳಕು ಒಗೆದೊಗೆದು ಬಣ್ಣ ಹೋದ ಬಟ್ಟೆಯಂತಾಯಿತು. ಬೆನ್ನಿಗೆ ತಾಗುತ್ತಿದ್ದ ಗುಂಯ್ ಸದ್ದು ಕುಂಟಿತು, ನಿಂತೇಹೋಯಿತು. ಹಸಿರು ದೀಪವೂ ಆರಿತು. ಅಮ್ಮ ಮಗಳಿಗೆ ಹೇಳಲು ದಡದಡನೆ ಇಳಿದಳು.

ಹೊರಗೆ ಗಾಳಿ ತಣ್ಣಗಾಗಿತ್ತು. ಅಮ್ಮ ಬಾಯಿ ತೆರೆಯುವ ಮೊದಲೇ ಮಗಳು ಅವಳ ಕಣ್ಣಿಗೆ ಗ್ರಹಣದ ಕನ್ನಡಕ ಏರಿಸಿದಳು. ಕಪ್ಪಿನಲ್ಲಿ ಸೂರ್ಯ ಒಂದೆಳೆ ದಾರದಷ್ಟು ಉಳಿದಿದ್ದ. ಆ ಎಳೆಯೂ ಹರಿಯಿತು.

“ಈಗ ಕನ್ನಡಕ ತೆಗೀಮ್ಮ.”

ಸೂರ್ಯನಿದ್ದ ಜಾಗದಲ್ಲಿ ಕರಿಯ ಗುಂಡು. ಅದರ ಸುತ್ತ, ಯಾವ ಮಗ್ಗವೂ ನೇಯದಷ್ಟು ತೆಳುವಾದ ಬಿಳಿ ರೇಷ್ಮೆ ಹರಡಿತ್ತು. ಹಾಡುಹಗಲಲ್ಲೇ ಚುಕ್ಕಿ. ಬಯಲಿನ ನಾಲ್ಕೂ ಅಂಚಿಗೆ ಸಂಜೆಗೆಂಪು. ಫ್ರಿಜ್ ನಿಂತ ಸುದ್ದಿ ಅಮ್ಮನಿಗೆ ಮರೆತೇಹೋಯಿತು. ತಾನು ಮಗಳ ತೋಳನ್ನು ಗಟ್ಟಿಯಾಗಿ ಹಿಡಿದಿದ್ದೇನೆಂಬ ಅರಿವೂ ಅವಳಿಗಿರಲಿಲ್ಲ.

ಕರಿಯ ಅಂಚಿನಲ್ಲಿ ಒಂದು ಹನಿ ಬೆಳಕು ಚಿಮ್ಮಿತು. ಮಗಳು ಮತ್ತೆ ಕನ್ನಡಕ ಹಾಕಿಸಿದಳು. ದೂರದಲ್ಲಿ, ಗ್ರಹಣ ನೋಡಲು ಬಂದಿದ್ದ ಬೇರೆ ವ್ಯಾನುಗಳ ಬಳಿ ಜನ ಚಪ್ಪಾಳೆ ತಟ್ಟಿದರು. ಅಮ್ಮ ಮಾತ್ರ ಒಳಗೆ ಹೋಗಿ ಫ್ರಿಜ್ಜಿನ ಮೇಲೆ ಅಂಗೈಯಿಟ್ಟು ಕೂತಳು. ಮೊದಲು ಏನೂ ಇಲ್ಲ. ಬೆಳಕು ಬಲಿಯುತ್ತಾ ಬಂತು. ಅಂಗೈಯಡಿ ಸಣ್ಣ ನಡುಕ, ಹಸಿರು ದೀಪ, ಆಮೇಲೆ ಗುಂಯ್.

“ಇದು ನಿನ್ನ ವೈರಿನಿಂದ ಓಡುತ್ತೆ ಅಂದ್ಕೊಂಡಿದ್ದೆ ಕಣೇ,” ಹಿಂದೆಯೇ ಬಂದ ಮಗಳಿಗೆ ಹೇಳಿದಳು. “ಆ ಸೂರ್ಯ ಅಷ್ಟು ದೂರದಿಂದ ಬಂದು ನನ್ನ ಔಷಧಿ ಕಾಯ್ತಿದಾನೆ ಅಂತ ಗೊತ್ತೇ ಇರ್ಲಿಲ್ಲ.”

ಮಗಳು ಕಂಬಳಿಯ ಇನ್ನೊಂದು ತುದಿಗೆ ಬಂದು ಕೂತಳು.

ಸಂಜೆ ತೆಗೆದು ನೋಡಿದರೆ ಇನ್ಸುಲಿನ್ ತಣ್ಣಗೇ ಇತ್ತು.

“ಇನ್ನೊಂದು ಗ್ರಹಣ ಎಲ್ಲಿ?” ಅಮ್ಮ ಕೇಳಿದಳು.

“ಸಮುದ್ರದಾಚೆ. ವ್ಯಾನ್ ಹೋಗಲ್ಲಮ್ಮ.”

“ಯಾಕೆ, ಹಡಗಿಗೆ ಹತ್ತಿಸಲ್ವಾ?”