ಐದು ಡಾಲರಿನ ಉಳಿತಾಯ

ನಮ್ಮೂರಿನಲ್ಲಿ ಯಾರಾದರೂ ನಿಮ್ಮ ಕಾಲು ತುಳಿದರೆ ಮೊದಲು ಸಾರಿ ಕೇಳಬೇಕಾದವರು ನೀವು. ಅಲ್ಲಿ ಕಾಲಿಟ್ಟುಕೊಂಡು ನಿಂತದ್ದು ನಿಮ್ಮದೇ ತಪ್ಪಲ್ಲವೇ? ಆಮೇಲೆ ತುಳಿದವರು ಸಾರಿ ಕೇಳುತ್ತಾರೆ. ಅವರಿಗೆ ಅಷ್ಟು ಮುಜುಗರ ಮಾಡಿದ್ದಕ್ಕೆ ನೀವು ಇನ್ನೊಮ್ಮೆ ಕೇಳುತ್ತೀರಿ. ಇಷ್ಟು ಒಳ್ಳೆಯ ಜನರ ನಡುವೆ ಒಂದು ಬ್ಯಾಂಕ್ ಖಾತೆ ತೆರೆಯುವುದು ಎಷ್ಟು ಕಷ್ಟ ಎಂಬುದು ನನಗೆ ಅರವತ್ತನೇ ವಯಸ್ಸಿನಲ್ಲಿ ಗೊತ್ತಾಯಿತು.

ನನ್ನ ಹೆಸರು ಆರ್ಡಿಸ್ ಟಾಲೆಫ್ಸನ್. ಪೈ ಮಾಡುತ್ತೇನೆ, ಹಿಟ್ಟಿನ ಹಾಳೆಯೊಳಗೆ ಹಣ್ಣು ತುಂಬಿ ಬೇಯಿಸುವ ಸಿಹಿ. ಜುಲೈ ತಿಂಗಳಲ್ಲಿ ಹೊಲದಂಚಿನ ಪೊದೆಗಳಲ್ಲಿ ಬಿಡುವ ಸಾಸ್ಕಟೂನ್ ಹಣ್ಣು, ಬೆಣ್ಣೆ, ಹಿಟ್ಟು, ಸಕ್ಕರೆ, ಒಂದಿಷ್ಟು ನಿಂಬೆರಸ. ಮೂವತ್ತು ವರ್ಷ ಅದನ್ನು ಚರ್ಚಿನ ಊಟಕ್ಕೆ, ಸಾವಿನ ಮನೆಗಳಿಗೆ, ಮಂಜುಗಡ್ಡೆಯಾಟದ ರಿಂಕಿನ ಕ್ಯಾಂಟೀನಿಗೆ ಪುಕ್ಕಟೆಯಾಗಿ ಮಾಡಿಕೊಟ್ಟೆ. ತಿಂದವರೆಲ್ಲ "ಇದನ್ನ ನೀನು ಮಾರ್ಬೇಕು ಆರ್ಡಿಸ್" ಎಂದು ಬಾಯಿ ಚಪ್ಪರಿಸುತ್ತಿದ್ದರು. ನಿಜವಾಗಿಯೂ ಮಾರತೊಡಗಿದಾಗ ಅವರೇ ಬೆಲೆ ಕೇಳಿ ಹುಬ್ಬೇರಿಸಿದರು.

ಆ ಚಳಿಗಾಲದಲ್ಲಿ ನಗರದಲ್ಲಿ ದೊಡ್ಡ ಅಂಗಡಿ ಇಟ್ಟಿರುವ ಸಿಮೋನ್ ಎಂಬಾಕೆ ಫೋನ್ ಮಾಡಿದಳು. ವಾರಕ್ಕೆ ನೂರು ಪೈ ಬೇಕಂತೆ, ಮುಂದಿನ ಸೋಮವಾರದಿಂದಲೇ.

"ಒಂದೇ ಮಾತು ಆರ್ಡಿಸ್. ದುಡ್ಡು ಹಾಕೋದು ಬಿಸಿನೆಸ್ ಖಾತೆಗೆ ಮಾತ್ರ. ನಿಮ್ಮ ಮನೆ ಖಾತೆ ನಂಬರ್ ಕೊಟ್ರೆ ನಮ್ಮ ಲೆಕ್ಕದವನು ಕುಣಿದಾಡ್ತಾನೆ."

"ಶುಕ್ರವಾರದೊಳಗೆ ಮಾಡಿಸ್ತೀನಿ" ಎಂದೆ. "ಸಾರಿ" ಎಂದೂ ಸೇರಿಸಿದೆ. ಯಾಕೆಂದು ಕೇಳಬೇಡಿ.

ಖಾತೆ ನನ್ನೊಬ್ಬಳ ಹೆಸರಿನಲ್ಲಿ ಇರಬೇಕೆಂದು ಆವತ್ತೇ ತೀರ್ಮಾನಿಸಿದೆ. ಕಾರಣ ಇದೆ. ಎರಡು ವರ್ಷದ ಹಿಂದೆ ನಮ್ಮ ಜಮೀನು, ಟ್ರ್ಯಾಕ್ಟರು, ದನ ಎಲ್ಲವನ್ನೂ ಹರಾಜು ಹಾಕಿದೆವು. ನನ್ನ ಗಂಡ ಮರ್ವ್‌ನ ಸೊಂಟ ಇನ್ನು ಸಾಕು ಎಂದಿತ್ತು. ಹರಾಜು ಕೂಗುವವನು ಲಾರಿಯ ಮೇಲೆ ಹತ್ತಿ, "ಇದು ಮರ್ವ್ ಟಾಲೆಫ್ಸನ್‌ನ ಇಡೀ ಜೀವಮಾನದ ದುಡಿಮೆ" ಎಂದ. ಜನ ಟೋಪಿ ತೆಗೆದು ಚಪ್ಪಾಳೆ ತಟ್ಟಿದರು. ಮೈನಸ್ ನಲವತ್ತು ಡಿಗ್ರಿ ಚಳಿಯಲ್ಲಿ ಕರು ಹಾಕಿಸಿದವಳು, ಕೊಯ್ಲಿನಲ್ಲಿ ಮರ್ವ್‌ನಷ್ಟೇ ಹೊತ್ತು ಯಂತ್ರ ಓಡಿಸಿದವಳು, ಅಂದರೆ ನಾನು, ಆಗ ಒಳಗೆ ಅದೇ ಜನರಿಗೆ ಸ್ಯಾಂಡ್‌ವಿಚ್ ಕತ್ತರಿಸುತ್ತಿದ್ದೆ. ಜಮೀನಿನ ಪತ್ರಗಳಲ್ಲಿ ಎಲ್ಲೂ ನನ್ನ ಹೆಸರಿರಲಿಲ್ಲ. ಮರ್ವ್ ಮೋಸಗಾರನಲ್ಲ, ಅಪ್ಪನಿಂದ ಮಗನಿಗೆ ಬಂದದ್ದು ಹಾಗೇ ಇತ್ತು, ಅಷ್ಟೆ. ಆದರೂ ನನಗೆ ಹೊಟ್ಟೆ ಉರಿದಿತ್ತು, ಇವತ್ತಿಗೂ ಉರಿಯುತ್ತದೆ. ಈ ಪೈಗಳಾದರೂ ನನ್ನವಾಗಿರಬೇಕಿತ್ತು.

ಮೊದಲು ನನ್ನ ತಂಗಿಯ ಮಗಳು ಕೆಲ್ಸಿ, "ಚಿಕ್ಕ ವ್ಯಾಪಾರಕ್ಕೆ ಫೋನ್ ಬ್ಯಾಂಕೇ ಸರಿ ದೊಡ್ಡಮ್ಮ, ತಿಂಗಳ ಶುಲ್ಕವೇ ಇಲ್ಲ" ಎಂದು ನನ್ನ ಫೋನಿಗೆ ಏನೋ ಇಳಿಸಿಕೊಟ್ಟಳು. ಅದು ನನ್ನ ಮುಖ ನೋಡಬೇಕೆಂದಿತು. ತೋರಿಸಿದೆ. ಕಣ್ಣು ಮಿಟುಕಿಸು ಎಂದಿತು. ಮಿಟುಕಿಸಿದೆ. ಮುಗುಳ್ನಗು ಎಂದಿತು. ಮದುವೆಯ ಫೋಟೋದಲ್ಲೂ ನಕ್ಕವಳಲ್ಲ ನಾನು, ಆದರೂ ನಕ್ಕೆ. ಬಹಳ ಹೊತ್ತು ಯೋಚಿಸಿ ಅದು ನನ್ನನ್ನು ಒಪ್ಪಿಕೊಂಡಿತು. ಆಮೇಲೆ ರಿಂಕಿನಲ್ಲಿ ಪೈ ಮಾರಿ ಬಂದ ಡಬ್ಬಿ ತುಂಬ ಚಿಲ್ಲರೆಯನ್ನು ಎಲ್ಲಿ ಕಟ್ಟಬೇಕು ಎಂದು ಕೆಲ್ಸಿಯನ್ನು ಕೇಳಿದೆ.

"ಚಿಲ್ಲರೆನಾ? ಚಿಲ್ಲರೆ ಯಾರು ಇಟ್ಕೋತಾರೆ ದೊಡ್ಡಮ್ಮ ಈಗ?"

"ನಮ್ಮೂರಲ್ಲಿ ಎಲ್ರೂ."

"ಹಾಗಾದ್ರೆ ಕಷ್ಟ. ಅದಕ್ಕೆ ಕೌಂಟರೇ ಇಲ್ಲ."

ನಾಣ್ಯ ಮುಟ್ಟದಷ್ಟು ಮಡಿವಂತ ಬ್ಯಾಂಕು ನನಗೆ ಬೇಡವೆನಿಸಿತು. ಫೋನಿನಿಂದ ಅಳಿಸಿದೆ.

ಎರಡನೆಯದು ಒಂದು ಗಂಟೆ ದಾರಿಯ ಪಟ್ಟಣದಲ್ಲಿರುವ ದೊಡ್ಡ ಬ್ಯಾಂಕು. ರಸ್ತೆ ಜಾರುತ್ತಿತ್ತು, ಹಾಗಾಗಿ ಟ್ರಕ್ ಓಡಿಸಲು ಮರ್ವ್ ಬಂದ. ಅಲ್ಲಿ ಬ್ರೇಡನ್ ಎಂಬ ಹುಡುಗ, ಬಿಗಿಯಾದ ಸೂಟು, ಕಾಲುಚೀಲವಿಲ್ಲದ ಬೂಟು. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಚಳಿ, ಇವನಿಗೆ ಕಾಲುಚೀಲ ಬೇಡ. ಕೈಕುಲುಕಿ ಕೂರಿಸಿ ಮರ್ವ್‌ನ ಕಡೆ ತಿರುಗಿದ.

"ನಿಮ್ಮ ವ್ಯಾಪಾರದ ಕನಸೇನು ಸರ್?"

ಮರ್ವ್ ಗಾಬರಿಯಾಗಿ ನನ್ನ ಮುಖ ನೋಡಿದ. ಅವನಿಗೆ ಕನಸು ಬಿದ್ದದ್ದು ನಾನಂತೂ ಕಂಡಿಲ್ಲ.

"ಪೈ ಮಾಡೋದು ನಾನು" ಎಂದೆ.

"ಅದ್ಭುತ ಮೇಡಂ! ಸರ್, ಮೇಡಂ ಪೈಗೆ ನಮ್ಮ ಬೆಳ್ಳಿ ಖಾತೆ ಹೇಳಿ ಮಾಡಿಸಿದ ಹಾಗಿದೆ. ತಿಂಗಳ ಶುಲ್ಕ ಪೂರ್ತಿ ಉಚಿತ."

"ಉಚಿತ ಅಂದ್ರೆ?"

"ಖಾತೆಯಲ್ಲಿ ಯಾವಾಗ್ಲೂ ಐದು ಸಾವಿರ ಇದ್ರೆ ಉಚಿತ ಮೇಡಂ. ಇಲ್ಲದಿದ್ರೆ ಇಪ್ಪತ್ತೆರಡು ಡಾಲರ್. ಜೊತೆಗೆ ಹನ್ನೆರಡು ವ್ಯವಹಾರ ಉಚಿತ."

"ಹದಿಮೂರನೇದು?"

ಅವನು ನಕ್ಕ. ಆ ನಗುವಿನ ಬೆಲೆ ಎಷ್ಟೆಂದು ನನಗೆ ಅರ್ಥವಾಯಿತು. ಐದು ಸಾವಿರ ಬ್ಯಾಂಕಿನಲ್ಲಿ ಸುಮ್ಮನೆ ಮಲಗಿಸುವವಳಾಗಿದ್ದರೆ ನಾನೇಕೆ ಬೆಳಗಿನ ಜಾವ ಎದ್ದು ಹಿಟ್ಟು ನಾದಲಿ? ಯೋಚಿಸಿ ಹೇಳುತ್ತೇವೆ ಎಂದು ಹೊರಟೆವು. ಬಾಗಿಲವರೆಗೂ ಬಂದು ಬ್ರೇಡನ್ ಮರ್ವ್‌ಗೆ ತನ್ನ ಕಾರ್ಡ್ ಕೊಟ್ಟ.

ಉಳಿದದ್ದು ನಮ್ಮೂರಿನ ಸಹಕಾರಿ ಬ್ಯಾಂಕು. ನಾನು ಮೊದಲೇ ಅಲ್ಲಿಗೆ ಹೋಗಬೇಕಿತ್ತು ಎನ್ನುತ್ತೀರಿ. ಶುಲ್ಕ ಕಡಿಮೆ, ನಾಣ್ಯ ತೂಗುವ ಯಂತ್ರ ಇದೆ, ಮನೆಯಿಂದ ಎರಡು ಬೀದಿ. ಆದರೆ ಅಲ್ಲಿ ವೆಂಡೆಲ್ ಇದ್ದ. ವೆಂಡೆಲ್ ಬ್ಯಾಂಕಿನ ಮ್ಯಾನೇಜರ್, ಅದು ದೊಡ್ಡ ವಿಷಯವಲ್ಲ. ಅವನು ಮರ್ವ್‌ನ ಕರ್ಲಿಂಗ್ ತಂಡದ ನಾಯಕ, ಅದು ದೊಡ್ಡ ವಿಷಯ. ಕರ್ಲಿಂಗ್ ಎಂದರೆ ಮಂಜುಗಡ್ಡೆಯ ಮೇಲೆ ಒಬ್ಬ ಕಲ್ಲು ಜಾರಿಸುತ್ತಾನೆ, ಇನ್ನಿಬ್ಬರು ಅದರ ಮುಂದೆ ಪೊರಕೆ ಹಿಡಿದು ಗುಡಿಸುತ್ತ ಓಡುತ್ತಾರೆ. ಮನೆಯಲ್ಲಿ ಪೊರಕೆ ಎಲ್ಲಿದೆ ಎಂದೂ ಗೊತ್ತಿಲ್ಲದ ಗಂಡಸರು ಅಲ್ಲಿ ಬೆವರು ಸುರಿಸಿ ಗುಡಿಸುವುದನ್ನು ಹೆಂಡಂದಿರು ಗಾಜಿನಾಚೆ ಕೂತು ನೋಡಬೇಕು. ಇಪ್ಪತ್ತು ವರ್ಷದಿಂದ ಮರ್ವ್ ವೆಂಡೆಲ್‌ನ ಕಲ್ಲಿನ ಮುಂದೆ ಗುಡಿಸುತ್ತಿದ್ದಾನೆ. ಹೊಲ ಸಾಕೆಂದ ಸೊಂಟ ಇದಕ್ಕೆ ಮಾತ್ರ ಬಗ್ಗುತ್ತದೆ.

ಆ ಬ್ಯಾಂಕಿನಲ್ಲಿ ಖಾತೆ ಬೇಕೆಂದರೆ ಮೊದಲು ಸದಸ್ಯರಾಗಬೇಕು. ಐದು ಡಾಲರ್ ಷೇರು. ಸದಸ್ಯರಿಗೆ ವಾರ್ಷಿಕ ಸಭೆಯಲ್ಲಿ ಒಂದು ಓಟು. ಆ ಸಭೆಗೆ ಪ್ರತಿವರ್ಷ ಪೈ ಮಾಡಿ ಕಳಿಸುವವಳು ನಾನು, ಓಟು ಹಾಕಿ ಪೈ ತಿನ್ನುವವನು ಮರ್ವ್. ಸದಸ್ಯತ್ವ ಅವನದು.

ಗುರುವಾರ ಇಬ್ಬರೂ ಹೋದೆವು. ಟ್ರಕ್ಕಿನಿಂದ ಇಳಿಯುವಾಗ ಮರ್ವ್ ತಾನೇ ಹೇಳಿದ್ದ, "ಇದು ನಿನ್ನ ವ್ಯವಹಾರ ಆರ್ಡಿ. ನಾನು ಬರೀ ಡ್ರೈವರ್."

ಒಳಗೆ ಹೋದ ಮೇಲೆ ಮೊದಲು ಚಳಿಯ ಬಗ್ಗೆ ಮಾತಾಯಿತು. ಆಮೇಲೆ ಮಂಗಳವಾರದ ಆಟದಲ್ಲಿ ಕೊನೆಯ ಕಲ್ಲು ಯಾಕೆ ಎಡಕ್ಕೆ ವಾಲಿತು ಎಂಬುದು. ನನ್ನ ಕಾಫಿ ಆರುವ ತನಕ ಆ ಕಲ್ಲು ವಾಲುತ್ತಲೇ ಇತ್ತು. ಕೊನೆಗೆ ವೆಂಡೆಲ್ ನನ್ನ ಪೈ ವ್ಯಾಪಾರದ ನೋಂದಣಿಯ ಕಾಗದ ತೆಗೆದುಕೊಂಡು ಕಂಪ್ಯೂಟರಿನ ಪರದೆಯನ್ನು ಮರ್ವ್‌ನ ಕಡೆ ತಿರುಗಿಸಿದ.

"ಸುಮ್ನೆ ಆರ್ಡಿಸ್‌ಗೆ ಹೊಸ ಸದಸ್ಯತ್ವ ಯಾಕೆ ಮರ್ವ್? ಐದು ಡಾಲರ್ ದಂಡ. ನಿನ್ನ ಸದಸ್ಯತ್ವದ ಕೆಳಗೇ ತೆರೆದುಬಿಡ್ತೀನಿ. ಮೊದಲ ಹೆಸರು ನಿಂದು, ಎರಡನೇದು ಅವಳದು. ಅವಳೂ ಸಹಿ ಹಾಕ್ಬಹುದು."

ನಾನೂ ಸಹಿ ಹಾಕಬಹುದಂತೆ. ಎಂಥ ಉದಾರ ಮನಸ್ಸು! ನಾನು ಮರ್ವ್‌ನ ಮುಖ ನೋಡಿದೆ. ಅವನಿಗೂ ಇದು ಇಷ್ಟವಿಲ್ಲ ಎಂಬುದು ಅವನ ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು.

"ಹಾಗೂ ಮಾಡ್ಬಹುದು" ಎಂದ ಮರ್ವ್. "ನಿನಗೆ ತೊಂದ್ರೆ ಇಲ್ಲ ಅಂದ್ರೆ."

"ನನಗೇನು ತೊಂದ್ರೆನಪ್ಪ? ನಿನಗೆ ಬೇಡ ಅಂದ್ರೆ ಹೇಳು, ಅವಳೊಬ್ಬಳ ಹೆಸರಲ್ಲೇ ಮಾಡ್ತೀನಿ."

"ಛೆ ಛೆ, ಬೇಡ ಅಂತಲ್ಲ."

"ನಿನ್ನನ್ನ ಬಿಟ್ಟುಬಿಟ್ರೆ ಬೇಜಾರಾಗ್ತೀಯೇನೋ ಅಂತ ಕೇಳ್ದೆ."

"ನೀನು ಇಷ್ಟು ಯೋಚನೆ ಮಾಡಿದ್ಮೇಲೆ ಬೇಡ ಅಂದ್ರೆ ಚೆನ್ನಾಗಿರುತ್ತಾ? ಹಾಕು."

ನೋಡಿದಿರಾ? ಹೆಸರು ಹಾಕುವವನಿಗೂ ಹಾಕಬೇಕೆಂದಿರಲಿಲ್ಲ, ಹಾಕಿಸಿಕೊಳ್ಳುವವನಿಗೂ ಬೇಕಿರಲಿಲ್ಲ. ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು ಇಬ್ಬರು ಸಜ್ಜನರು ಸೇರಿ ನನ್ನ ಪೈ ಹಂಚಿಕೊಂಡರು. ಯಂತ್ರ ಕಾಗದಗಳನ್ನು ಉಗುಳಿತು. ವೆಂಡೆಲ್ ಅವನ್ನು ಮರ್ವ್‌ನ ಮುಂದಿಟ್ಟು ಪೆನ್ನು ಕೊಟ್ಟ. ಮರ್ವ್ ಸಹಿ ಹಾಕಿ ನನ್ನ ಕಡೆ ಸರಿಸಿದ.

ಪೆನ್ನು ಕೈಗೆ ತೆಗೆದುಕೊಂಡೆ. ಮೇಲಿನ ಸಾಲಿನಲ್ಲಿ ಮರ್ವ್ ಟಾಲೆಫ್ಸನ್, ಅದರ ಕೆಳಗೆ ನಾನು. ಸಾರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ.

"ವೆಂಡೆಲ್, ಇದನ್ನ ಹರಿದು ಹಾಕು."

ಹೊರಗೆ ಕೌಂಟರಿನಲ್ಲಿ ನಾಣ್ಯ ಎಣಿಸುತ್ತಿದ್ದವಳು ಎಣಿಕೆ ನಿಲ್ಲಿಸಿದಳು.

"ಏನಾಯ್ತು? ಹೆಸರು ತಪ್ಪಾಯ್ತಾ?"

"ಒಂದು ಹೆಸರು ಜಾಸ್ತಿ ಆಯ್ತು. ಖಾತೆ ನನ್ನೊಬ್ಬಳ ಹೆಸರಲ್ಲಿ ಮಾಡು. ಆ ಪರದೆ ಈ ಕಡೆ ತಿರುಗಿಸು."

ಕೈಚೀಲದಿಂದ ನೀಲಿ ಐದರ ನೋಟು ತೆಗೆದು ಮೇಜಿನ ಮೇಲಿಟ್ಟೆ. ವೆಂಡೆಲ್ ಅದು ಕಚ್ಚೀತೇನೋ ಎಂಬಂತೆ ಕೈ ಹಿಂದೆ ತೆಗೆದ. ಮರ್ವ್‌ನ ಮುಖ ಬಾಡಿತ್ತು.

"ನನ್ನ ಮೇಲೆ ನಂಬಿಕೆ ಇಲ್ವಾ ಆರ್ಡಿ?" ಎಂದ ಮೆಲ್ಲಗೆ.

ಅದು ನನಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಮೂವತ್ತಮೂರು ವರ್ಷದಲ್ಲಿ ಅವನು ನನಗೊಂದು ಕೆಟ್ಟ ಮಾತು ಆಡಿಲ್ಲ. ಇಲ್ಲೇ ನಾನು ಕರಗಿ, ಹೋಗಲಿ ಬಿಡು ಎಂದು ಸಹಿ ಹಾಕಬೇಕಿತ್ತು. ಒಳ್ಳೆಯ ಹೆಂಗಸರು ಹಾಗೇ ಮಾಡುತ್ತಾರೆ.

"ಪೂರ್ತಿ ನಂಬಿಕೆ ಇದೆ" ಎಂದೆ. "ನಂಬಿಕೆ ಇರೋದಕ್ಕೇ ಹೊಲ ಮಾರೋವರೆಗೂ ಒಂದು ಮಾತೂ ಕೇಳಲಿಲ್ಲ. ಪೈ ಮಾತ್ರ ನಂದು."

ಮರ್ವ್ ಎದ್ದು ನಿಂತ. ತೊಂದರೆ ಕೊಟ್ಟದ್ದಕ್ಕೆ ವೆಂಡೆಲ್‌ಗೆ ಸಾರಿ ಎಂದ. ತನ್ನದೇ ತಪ್ಪೆಂದು ವೆಂಡೆಲ್ ಮರ್ವ್‌ಗೆ ಸಾರಿ ಎಂದ. ಇಲ್ಲ ಇಲ್ಲ ನನ್ನದು ಎಂದು ಮರ್ವ್ ಬಾಗಿಲಿನಿಂದ ಇನ್ನೊಮ್ಮೆ ಹೇಳಿ ಹೊರಗೆ ಹೋದ. ನನಗೆ ಯಾರೂ ಹೇಳಲಿಲ್ಲ.

ಆಮೇಲಿನ ಕೆಲಸಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ. ವೆಂಡೆಲ್ ನನ್ನನ್ನೇ ನೋಡಿ ಒಂದೊಂದಾಗಿ ಕೇಳಿದ, ನಾನು ಹೇಳಿದೆ, ಅವನು ಬರೆದುಕೊಂಡ. ಇಷ್ಟು ಸುಲಭದ ಕೆಲಸ ಅಂತ ಅವನಿಗೂ ಆಶ್ಚರ್ಯವಾದ ಹಾಗಿತ್ತು. "ಏಪ್ರಿಲ್‌ನಲ್ಲಿ ವಾರ್ಷಿಕ ಸಭೆ ಇದೆ ಆರ್ಡಿಸ್, ಸದಸ್ಯರೆಲ್ಲ ಬರ್ಬೇಕು" ಎಂದು ಎಳೆದೆಳೆದು ಹೇಳಿದ. ಬರುತ್ತೇನೆ, ಪೈ ಬೇಕಾದರೆ ಡಜನ್ನಿಗೆ ಬೆಲೆ ಕೇಳು ಎಂದೆ.

ಹೊರಗೆ ಮರ್ವ್ ಟ್ರಕ್ಕಿನ ಇಂಜಿನ್ ಚಾಲೂ ಇಟ್ಟುಕೊಂಡು ಕೂತಿದ್ದ. ನನ್ನ ಸೀಟಿನ ಕಡೆಗೆ ಬಿಸಿಗಾಳಿ ತಿರುಗಿಸಿದ್ದ. ಆ ಮನುಷ್ಯ ತನ್ನ ಮೇಲೆ ನೆಟ್ಟಗೆ ಸಿಟ್ಟು ಮಾಡಿಕೊಳ್ಳಲೂ ಬಿಡುವುದಿಲ್ಲ. ಮುಖ್ಯರಸ್ತೆ ದಾಟಿದೆವು.

"ವೆಂಡೆಲ್ ಕೇಳ್ದಾಗ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ" ಎಂದ ಕೊನೆಗೆ. "ಅವನು ಬೇಜಾರು ಮಾಡ್ಕೋತಾನೆ ಅಂತ."

"ನಾನು ಬೇಜಾರು ಮಾಡ್ಕೋಬಹುದು ಅಂತ ಅನ್ನಿಸ್ಲಿಲ್ವಾ?"

ಮರ್ವ್ ಯೋಚಿಸಿದ. ಅವನು ಸುಳ್ಳು ಹೇಳುವವನಲ್ಲ, ಅದೇ ಅವನ ಕಷ್ಟ.

"ಇಲ್ಲ" ಎಂದ. "ನೀನು ನಮ್ಮೋಳಲ್ವಾ."

ಮೂವತ್ತಮೂರು ವರ್ಷ ನಾನು ಏನಾಗಿದ್ದೆ ಎಂಬುದು ಆ ಒಂದು ಮಾತಿನಲ್ಲಿತ್ತು. ಊರಿನವರೆಲ್ಲರ ಮನಸ್ಸನ್ನು ಅಷ್ಟು ಜೋಪಾನ ಮಾಡುವವನು, ನನ್ನದನ್ನು ಮಾತ್ರ ತನ್ನದೆಂದುಕೊಂಡು ಕೇಳದೇ ಬಿಟ್ಟಿದ್ದ. ನಗಬೇಕೋ ಟ್ರಕ್ಕಿನಿಂದ ಇಳಿದು ನಡೆಯಬೇಕೋ ತಿಳಿಯಲಿಲ್ಲ. ಕಣ್ಣು ಒದ್ದೆಯಾಯಿತು. ಬಿಸಿಗಾಳಿಯಿಂದ ಎಂದುಕೊಳ್ಳಲಿ ಎಂದು ಒರೆಸಿಕೊಳ್ಳಲಿಲ್ಲ.

ಮರ್ವ್ ನನ್ನ ಕಡೆ ನೋಡಿದ. ಮತ್ತೆ ರಸ್ತೆ ನೋಡಿದ. ಮನೆಯ ಮುಂದೆ ಟ್ರಕ್ ನಿಲ್ಲಿಸಿ, ಕೀಲಿ ತಿರುಗಿಸದೆ ಕೂತ.

"ಸಾರಿ ಆರ್ಡಿ" ಎಂದ. ಬಾಯಿಂದ ತಾನಾಗಿ ಉದುರುವ ಸಾರಿಯಲ್ಲ, ಹುಡುಕಿ ತಂದದ್ದು. ಆಮೇಲೆ ನನ್ನ ಕಡೆ ತಿರುಗಿದ. "ಸೋಮವಾರ ಪೈ ನಗರಕ್ಕೆ ತಗೊಂಡು ಹೋಗೋಕೆ ಡ್ರೈವರ್ ಬೇಕಲ್ವಾ? ಸಂಬಳ ಎಷ್ಟು ಕೊಡ್ತೀಯ?"

ನಾನು ಕೈಚೀಲ ಹೆಗಲಿಗೇರಿಸಿ ಬಾಗಿಲು ತೆಗೆದೆ.

"ಮಾಲೀಕರನ್ನ ಕೇಳಿ ಹೇಳ್ತೀನಿ" ಎಂದೆ.